ಕೆನ್ನೆಯ ಮೇಲಿನ ಮೈದಾನ

ನಮ್ಮ ಪೇಚ್ಚಿಮುತ್ತು ಹುಟ್ಟಿದಾಗಿನಿಂದ ಒಂದು ಇರುವೆಯನ್ನೂ ನೋಯಿಸಿದವನಲ್ಲ. ಇಡೀ ಊರಿನ ಸತ್ತವರಿಗೆ ಜಾಗ ತಪ್ಪಿಸಿದ್ದು ಮಾತ್ರ ನಿಜ. ಅದಕ್ಕೆ ಅವನು ಗುದ್ದಲಿ ಹಿಡಿಯಲಿಲ್ಲ, ಬೆಕ್ಕಿನ ಮೀಸೆಯಷ್ಟು ಸಣ್ಣ ಕುಂಚ ಹಿಡಿದಿದ್ದ. ಅವನ ಪಕ್ಕದ ಮನೆಯವನೂ ಜೊತೆ ಕೆಲಸಗಾರನೂ ಆಗಿದ್ದರಿಂದ ನಾನು ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ.

ಶಿವಕಾಶಿಯಲ್ಲಿ ನಮ್ಮ ಧಣಿ ತಿರವಿಯಂ ಮೊದಲಾಳಿಯ ಅಚ್ಚುಕೂಟದಲ್ಲಿ ನಾನು ಯಂತ್ರಕ್ಕೆ ಕಾಗದ ಕೊಡುವವನು, ಪೇಚ್ಚಿಮುತ್ತು ಚಿತ್ರ ತಿದ್ದುವವನು. ದೊಡ್ಡ ಚಿತ್ರಕಾರರು ಬರೆದುಕೊಟ್ಟ ಕ್ಯಾಲೆಂಡರ್ ದೇವರುಗಳು ಅಚ್ಚಿಗೆ ಹೋಗುವ ಮುಂಚೆ ಕೊನೆಗೊಮ್ಮೆ ಅವನ ಮೇಜಿನ ಮೇಲೆ ಮಲಗಬೇಕು. ಮುರುಗನ ತುಟಿಗೆ ಕೆಂಪು ಸಾಲದಿದ್ದರೆ ಅವನು ಹಚ್ಚುವನು. ಲಕ್ಷ್ಮಿಯ ಪಕ್ಕದ ಆನೆ ಬಡಕಲಾಗಿದ್ದರೆ ಮೈ ತುಂಬಿಸುವನು. ಎಲ್ಲ ಮುಗಿದ ಮೇಲೆ ಅತಿ ಸಣ್ಣ ಕುಂಚವನ್ನು ಕಪ್ಪಿನಲ್ಲಿ ಅದ್ದಿ, ದೇವರ ಕೆನ್ನೆಯ ಮೇಲೆ ಒಂದು ಚುಕ್ಕೆ ಇಡುವನು. ದೃಷ್ಟಿಬೊಟ್ಟು. ಕೂಸಿಗೆ ತಾಯಂದಿರು ಇಡುವ ಹಾಗೆ ಚಿತ್ರಕ್ಕೆ ತಿದ್ದುವವರು ಇಡುವುದು ನಮ್ಮಲ್ಲಿ ನಡೆದು ಬಂದದ್ದು. ಒಡವೆ, ಹೂವು, ಮುಂಗುರುಳುಗಳ ನಡುವೆ ಕೊಂಡವರಿಗೆ ಅದು ಕಾಣುತ್ತಲೇ ಇರಲಿಲ್ಲ.

ಒಂದು ದಿನ ಕ್ರೀಡಾ ಕಚೇರಿಯಿಂದ ಕೆಲಸ ಬಂತು. ಯಾವ ಊರಿನ ಕಚೇರಿ ಎಂದು ಹೇಳುವುದಿಲ್ಲ, ಅಲ್ಲಿಯವರು ಇನ್ನೂ ಕೆಲವರು ಬದುಕಿದ್ದಾರೆ. ಶಾಲೆಗಳ ಗೋಡೆಗೆ ಹಾಕಲು ಒಂದು ಕಟ್ಟು ಚಿತ್ರಪಟ. ಪಟಕ್ಕೊಂದು ಆಟ. ಮೇಲೆ ಆಟಗಾರರು, ಕೆಳಗೆ ನಮ್ಮ ಸೀಮೆಯ ನಕ್ಷೆ. ಆ ಆಟಕ್ಕೆ ಸರಕಾರ ಎಲ್ಲೆಲ್ಲಿ ಮೈದಾನ ಮಾಡಿಸಿದೆಯೋ ಅಲ್ಲಲ್ಲಿ ಒಂದು ಕಪ್ಪು ಚುಕ್ಕೆ.

ತಂದುಕೊಟ್ಟವರು ಕ್ರೀಡಾಧಿಕಾರಿ ಅಡೈಕ್ಕಲಂ. ಪ್ರಾಯದಲ್ಲಿ ಉದ್ದ ಜಿಗಿತದಲ್ಲಿ ಹೆಸರು ಮಾಡಿ, ಮಂಡಿ ಮುರಿದುಕೊಂಡು ಕುರ್ಚಿಗೆ ಬಿದ್ದವರು. ಕಚೇರಿಯವರು ಬರೆಸಿದ್ದ ಆಟಗಾರರು ಕಡ್ಡಿಪೊರಕೆಯ ಹಾಗಿದ್ದರು. ನಕ್ಷೆ ಕಾವಲಿಗೆ ಅಂಟಿಕೊಂಡು ಹರಿದ ದೋಸೆಯ ಹಾಗಿತ್ತು.

"ಹೆಚ್ಚೇನೂ ಬೇಡಪ್ಪ. ಆಟಗಾರ ಆಟಗಾರನ ಥರ ಕಾಣ್ಬೇಕು, ನಕ್ಷೆ ನಕ್ಷೆ ಥರ ಕಾಣ್ಬೇಕು. ಸ್ವಲ್ಪ ತಿದ್ದು, ಸಾಕು" ಎಂದರು ಅಡೈಕ್ಕಲಂ.

ಪೇಚ್ಚಿಮುತ್ತುವಿಗೆ ಸ್ವಲ್ಪ ತಿದ್ದಿ ಗೊತ್ತಿಲ್ಲ. ಕಬಡ್ಡಿ ಆಡುವವನಿಗೆ ಮುರುಗನ ಕಣ್ಣು ಬಂತು. ಚೆಂಡು ಹೊಡೆಯಲು ಎತ್ತಿದ ಕೈ ಅಭಯ ಕೊಡುವ ಕೈಯಾಯಿತು. ಭಾರ ಎತ್ತುವವನು ಬೆಟ್ಟ ಎತ್ತಿದವನಂತೆ ಮುಗುಳ್ನಗುತ್ತ ನಿಂತ, ಅವನ ಕಾಲ ಬಳಿ ಎರಡು ಹಸು ಇಲ್ಲದ್ದೊಂದೇ ಕೊರತೆ. ಈಜುವವನಂತೂ ತಾವರೆಯೊಳಗಿಂದ ಏಳುತ್ತಿದ್ದ.

"ಇದೇನೋ ತಾವರೆ?" ಎಂದು ಮೊದಲಾಳಿ ಕೇಳಿದರು.

"ನೀರಿದ್ದ ಮೇಲೆ ಇರತ್ತಲ್ಲ ಮೊದಲಾಳಿ" ಎಂದ ಪೇಚ್ಚಿಮುತ್ತು.

ನಕ್ಷೆಗಳಿಗೆ ಅವನು ಇನ್ನೂ ಪ್ರೀತಿ ಸುರಿದ. ಕೆರೆಗಳಿಗೆ ನವಿಲಿನ ನೀಲಿ, ರಸ್ತೆಗಳಿಗೆ ಸೀರೆಯ ಅಂಚು, ಬೆಟ್ಟಗಳು ಸಾಲಾಗಿಟ್ಟ ತಾಳೆಬೆಲ್ಲದ ಅಚ್ಚು. ನೋಡಿದರೆ ನಮ್ಮ ಕೆಂಡದಂಥ ಸೀಮೆಯೇ ಇದು ಎಂದು ಯಾರೂ ಹೇಳುವ ಹಾಗಿರಲಿಲ್ಲ. ಅಷ್ಟು ಚಂದ ಬಂದ ಮೇಲೆ ಅವನಿಗೆ ಹೆದರಿಕೆಯಾಯಿತು. ಕಣ್ಣು ಬಿದ್ದೀತು. ಬೊಟ್ಟು ಇಡಬೇಕು. ಆದರೆ ನಕ್ಷೆಗೆ ಕೆನ್ನೆ ಎಲ್ಲಿದೆ?

ಅದನ್ನು ಮೇಜಿನ ಮೇಲೆ ಸುತ್ತ ತಿರುಗಿಸಿ ನೋಡಿದ. ಒಂದು ಕಡೆಯಿಂದ ನೋಡಿದರೆ ಪಡುವಣಕ್ಕೆ ಮೂಗು ಚಾಚಿದ ಹೆಂಗಸಿನ ಮುಖ ಕಂಡಿತಂತೆ. ನನ್ನನ್ನು ಕರೆದು ತೋರಿಸಿದ.

"ಮಾಮಾ, ನೋಡಿ, ಮೂಗು. ಇದು ಗದ್ದ. ಕೆನ್ನೆ ಹೆಂಗೆ ಬರಿದಾಗೈತೆ ನೋಡಿ. ಒಂದು ಊರೂ ಇಲ್ಲ."

ನಕ್ಷೆ ಓದಲು ನನಗೂ ಬಾರದು. ಹೌದು ಬರಿದಾಗಿದೆ ಎಂದೆ. ಅವನು ಬೊಟ್ಟಿಟ್ಟ. ಎಲ್ಲ ಪಟಗಳ ನಕ್ಷೆಯೂ ಒಂದೇ ಆದ್ದರಿಂದ ಎಲ್ಲದರ ಕೆನ್ನೆಯೂ ಒಂದೇ ಕಡೆ ಇತ್ತು. ಅಡೈಕ್ಕಲಂ ಸಹಿ ಹಾಕಿದರು. ಅಚ್ಚಾಯಿತು. ಪಟಗಳು ಶಾಲೆಗಳ ಗೋಡೆ ಏರಿದವು.

ಇಲ್ಲಿ ಪೇಚ್ಚಿಮುತ್ತುವಿನ ತಾಯಿಯ ಮಾತು ಹೇಳಬೇಕು. ಸೊರ್ಣತ್ತಾಯಿ ಎಂದು ಹೆಸರು. ಮಗನಿಗೆ ಮದುವೆಯ ಮಂಟಪದಲ್ಲೂ ದೃಷ್ಟಿಬೊಟ್ಟು ಇಟ್ಟು, ಸೊಸೆ ಮಾರಿಕ್ಕನಿಯಿಂದ ಮೊದಲ ದಿನವೇ ಬೈಸಿಕೊಂಡ ಹೆಂಗಸು. ಗಂಡ ಹೋಗಿ ಬಹುಕಾಲವಾಗಿತ್ತು. ಶಿವಕಾಶಿಯಿಂದ ಬಸ್ಸಿನಲ್ಲಿ ಬಂದರೆ ನಮ್ಮ ಕರಿಸಲ್‌ಪಟ್ಟಿ. ಊರ ಹೊರಗೆ ಬೆಟ್ಟದ ಬುಡದಲ್ಲಿ ಮಸಣ. ಅಲ್ಲಿ ಗಂಡನನ್ನು ಹೂತ ಗುಡ್ಡೆಯ ಬಲಗಡೆ ಒಂದು ಆಳಗಲ ಜಾಗವನ್ನು ಮುದುಕಿ ಕಲ್ಲಿಟ್ಟು ಹಿಡಿದುಕೊಂಡಿದ್ದಳು. ಎಡಗಡೆ ಆಗದು. ಅವನಿಗೆ ಎಡಗಿವಿ ಕೇಳುತ್ತಿರಲಿಲ್ಲ.

"ಬದುಕಿದ್ದಾಗ ಅರ್ಧ ಮಾತು ಗಾಳಿಗೇ ಹೋಯ್ತು. ಅಲ್ಲಾದ್ರೂ ಕೇಳಿಸ್ಕೊಳ್ಳಲಿ" ಎನ್ನುವಳು.

"ಪಾಪ, ಆ ಮನುಷ್ಯ ನೆಮ್ಮದಿಯಾಗಿ ಮಲಗಿದಾನೆ" ಎನ್ನುವಳು ಮಾರಿಕ್ಕನಿ.

"ನಿನ್ನ ಗಂಡನಿಗೆ ಎರಡು ಕಿವೀನೂ ಕೇಳ್ತದೆ. ಆದ್ರೂ ಏನು ಪ್ರಯೋಜನ ಆಯ್ತು ನಿಂಗೆ?"

ಪಟಗಳು ಹೋಗಿ ಕೆಲಕಾಲಕ್ಕೆ ಅಡೈಕ್ಕಲಂ ಅಚ್ಚುಕೂಟಕ್ಕೆ ಓಡಿ ಬಂದರು. ಕುಂಟುವ ಕಾಲಿನವರು ಅಷ್ಟು ಜೋರಾಗಿ ಬರಬಲ್ಲರು ಎಂದು ನಾನು ಅಂದುಕೊಂಡಿರಲಿಲ್ಲ. ಮದ್ರಾಸಿನ ದೊಡ್ಡ ಅಧಿಕಾರಿ ಪಟಗಳನ್ನು ನೋಡಿದ್ದರಂತೆ. ಒಂದೂರಿನಲ್ಲಿ ಕಬಡ್ಡಿ ಇದ್ದರೆ ಓಟ ಇಲ್ಲ, ಓಟ ಇದ್ದರೆ ಈಜು ಇಲ್ಲ. ಎಲ್ಲ ಆಟಕ್ಕೂ ಚುಕ್ಕೆ ಇರುವುದು ಇಡೀ ಸೀಮೆಯಲ್ಲಿ ಒಂದೇ ಕಡೆ. ಇಂಥ ಮಾದರಿ ಊರನ್ನು ಸದ್ದಿಲ್ಲದೆ ಕಟ್ಟಿದ ಅಡೈಕ್ಕಲಂ ಅವರನ್ನು ಸಭೆಯಲ್ಲಿ ಎದ್ದು ನಿಲ್ಲಿಸಿ ಹೊಗಳಿದ್ದರು. ಬಂದು ಕಣ್ಣಾರೆ ನೋಡುವೆ ಎಂದಿದ್ದರು.

ಅಡೈಕ್ಕಲಂ ಪಟವನ್ನು ಮೇಜಿನ ಮೇಲೆ ಹರಡಿ ಚುಕ್ಕೆಯ ಮೇಲೆ ಬೆರಳಿಟ್ಟರು. "ಇದು ಯಾವುದು?"

"ದೃಷ್ಟಿಬೊಟ್ಟು ಅಯ್ಯಾ" ಎಂದ ಪೇಚ್ಚಿಮುತ್ತು.

"ಏನು?"

"ಕೆನ್ನೆ ಮೇಲೆ."

ಅಡೈಕ್ಕಲಂ ಕುರ್ಚಿಯಲ್ಲಿ ಕೂತರು. ಮೊದಲಾಳಿಯ ಕಡೆ ತಿರುಗಿದರು. "ನಾನೇನು ಬರೀಲಿ ಹೇಳಿ. ಸರಕಾರ ತನ್ನ ಕೆನ್ನೆಗೆ ಬೊಟ್ಟು ಇಟ್ಟುಕೊಂಡಿದೆ ಅಂತ ಬರೀಲಾ?"

"ನಮ್ಮಲ್ಲಿ ತಪ್ಪು ಅಚ್ಚಾಗಲ್ಲ. ಸಹಿ ನಿಮ್ಮದೇ ಐತೆ" ಎಂದರು ಮೊದಲಾಳಿ, ಒಣಶುಂಠಿಯ ಚುಕ್ಕು ಕಾಫಿ ತರಿಸುತ್ತ.

"ತಪ್ಪು ಅಂತ ಈಗ ಹೇಳೋ ಹಾಗಿಲ್ಲ. ಹೊಗಳಿಸಿಕೊಂಡು ಆಯ್ತು. ಕಾಗದ ತಿದ್ದೋಕಾಗಲ್ಲ ಅಂದ್ರೆ ನೆಲಾನೇ ತಿದ್ದಬೇಕು. ಅದು ಯಾವ ಊರು?"

ಕಚೇರಿಯ ದೊಡ್ಡ ನಕ್ಷೆ ತರಿಸಿ ಅಳೆದು ನೋಡಿದರು. ಕರಿಸಲ್‌ಪಟ್ಟಿ. ಪೇಚ್ಚಿಮುತ್ತು ಬರಿದೆಂದು ಕಂಡಿದ್ದ ಕೆನ್ನೆ ಅವನದೇ ಊರಿನದು. ಇನ್ನೂ ಸೂಕ್ಷ್ಮವಾಗಿ ಅಳೆದರೆ ಚುಕ್ಕೆ ಬಿದ್ದದ್ದು ಊರ ಹೊರಗೆ, ಬೆಟ್ಟದ ಬುಡದ ಸರಕಾರಿ ಬಯಲಿನಲ್ಲಿ. ಅದೇ ಮಸಣ.

ದೊಡ್ಡ ಅಧಿಕಾರಿ ಜೀಪಿನಲ್ಲಿ ಬಂದಾಗ ಊರಿನ ಯಜಮಾನ ಸೀನಿವಾಸಗಂ ಹಾರ ಹಿಡಿದು ಮುಂದೆ ನಿಂತಿದ್ದ. ಯಾಕೆ ಬಂದಿದ್ದಾರೆ ಎಂದು ಅವನು ಕೇಳಿಯೇ ಇರಲಿಲ್ಲ. ಸರಕಾರದ ಜೀಪು ಬಂದರೆ ಹಾರ ಹಾಕುವುದು ಅವನ ಪದ್ಧತಿ. ಅಧಿಕಾರಿ ಬಯಲಲ್ಲಿ ಇಳಿದು ಗುಡ್ಡೆಗಳನ್ನು ನೋಡಿದರು. ನಮ್ಮ ಅಜ್ಜ, ಮುತ್ತಜ್ಜ, ಅತ್ತೆ, ಚಿಕ್ಕಪ್ಪಂದಿರು ಸಾಲಾಗಿ ಮಲಗಿದ್ದರು.

"ಈ ಮಣ್ಣಿನ ದಿಬ್ಬಗಳು ಯಾಕೆ?"

"ತಡೆ ಓಟಕ್ಕೆ ಸಾರ್. ಹಾರಿ ಹಾರಿ ಅಭ್ಯಾಸ ಮಾಡೋಕೆ" ಎಂದರು ಅಡೈಕ್ಕಲಂ. ಅವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಒಳ್ಳೇದು. ದೇಸಿ ವಿಧಾನ. ಈಜುಕೊಳ ಎಲ್ಲಿ?"

"ನೀರು ಬರಬೇಕು ಸಾರ್."

"ಇಲ್ಲಿಗೆ ಯಾವಾಗಲೂ ಜನ ಬರ್ತಾರಾ?"

"ಬಂದವರು ವಾಪಸ್ ಹೋಗೋದೇ ಇಲ್ಲ ಅಯ್ಯಾ" ಎಂದ ಸೀನಿವಾಸಗಂ, ಹೆಮ್ಮೆಯಿಂದ.

ಅಧಿಕಾರಿಗೆ ಬಹಳ ಸಂತೋಷವಾಯಿತು. ಬೇಲಿ ಮಂಜೂರಾಯಿತು, ಬೀಗದ ಬಾಗಿಲು, ಕಾವಲುಗಾರ, ಉದ್ದ ಜಿಗಿತಕ್ಕೊಂದು ಮರಳು ಗುಂಡಿ ಎಲ್ಲ ಮಂಜೂರಾಯಿತು. ಉದ್ಘಾಟನೆಗೆ ತಾನೇ ಬರುವೆನೆಂದು ಹೇಳಿ ಹೋದರು. ಬಾಗಿಲ ಮೇಲೆ ‘ಆಟಗಾರರಿಗೆ ಮಾತ್ರ ಪ್ರವೇಶ’ ಎಂಬ ಹಲಗೆ ಏರಿತು. ಇನ್ನು ಮುಂದೆ ಸತ್ತವರನ್ನು ಕೆರೆಯ ಆಚೆ ದಂಡೆಯಲ್ಲಿ ಹೂಳಬೇಕೆಂದು ಅಪ್ಪಣೆಯಾಯಿತು.

ಊರವರು ಬೇಡವೆನ್ನಲಿಲ್ಲ. ಸುತ್ತಲ ಯಾವ ಹಳ್ಳಿಗೂ ಇಲ್ಲದ ಮೈದಾನ ನಮಗೆ ಬಂದಿತ್ತು. ಸೀನಿವಾಸಗಂ ಬಸ್ಸಿನಲ್ಲಿ ಪರವೂರವರ ಪಕ್ಕ ಕೂತರೆ ಸುಮ್ಮನೆ ಮೊಣಕಾಲು ನೀವಿಕೊಂಡು, "ನಮ್ಮ ಮೈದಾನದಲ್ಲಿ ನಡೆದು ನಡೆದು ಕಾಲು ನೋವು" ಎನ್ನತೊಡಗಿದ. ಸಾಯುವುದು ಹೇಗೂ ಬೇರೆಯವರ ಮನೆಯಲ್ಲಿ ಆಗುವ ಸಂಗತಿ ಎಂದು ಎಲ್ಲರೂ ಅಂದುಕೊಂಡಿದ್ದರು.

ಸೊರ್ಣತ್ತಾಯಿ ಮಾತ್ರ ಮಗನನ್ನು ಎದುರು ಕೂರಿಸಿಕೊಂಡಳು. "ನಾನು ಕೆರೆ ದಂಡೆಗೆ ಹೋಗಲ್ಲ. ಅಲ್ಲಿ ನನಗೆ ಯಾರಿದಾರೆ? ಹುಟ್ಟಿದ್ ಮೇಲೆ ಒಂದು ದಿನ ಪರಗಂಡಸರ ಪಕ್ಕ ಕೂತೋಳಲ್ಲ. ಈಗ ಹೋಗಿ ಮಲಗ್ಲಾ?"

"ಅಲ್ಲಿನ್ನೂ ಯಾರೂ ಇಲ್ಲಮ್ಮಾ."

"ನಾಳೆ ಬರ್ತಾರಲ್ಲ. ನೀನು ಇಟ್ಟ ಬೊಟ್ಟು, ನೀನೇ ಅಳಿಸು."

ಪೇಚ್ಚಿಮುತ್ತು ಅಳಿಸಲು ಹೊರಟ. ನಾನೂ ಜೊತೆಗಿದ್ದೆ. ಕಚೇರಿಯಲ್ಲಿ ಒಬ್ಬ ಗುಮಾಸ್ತ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ದೃಷ್ಟಿ ತಗಲಬಾರದು ಅಂತ ಇಟ್ಟಿದ್ದು ತಾನೆ? ತಗಲಿಲ್ಲವಲ್ಲ. ಊರಿಗೆ ಮೈದಾನ ಬಂತು. ಇನ್ನೇನು ಬೇಕು ನಿನಗೆ?" ಎಂದ. ಇನ್ನೊಬ್ಬ ಗುಮಾಸ್ತ ಮುದುಕಿಯ ವಯಸ್ಸು ಕೇಳಿ, ಮುಂದಿನ ಮಂಜೂರಾತಿಯ ತನಕ ತಡೆಯಲು ಆಗುತ್ತದೆಯೇ ಎಂದು ವಿಚಾರಿಸಿದ.

ಮುದುಕಿ ನಿಜವಾಗಿ ತಡೆದಳು. ಜ್ವರ ಬಂತು, ತಡೆದಳು. ಗಂಜಿ ಇಳಿಯದಾಯಿತು, ತಡೆದಳು. ನೋಡಲು ಬಂದವರೆಲ್ಲ, "ಇನ್ನೂ ಇದ್ದೀಯಾ ಅತ್ತೆ?" ಎಂದರೆ, "ಜಾಗ ಬಿಟ್ಟುಕೊಡಲಿ, ಹೋಗ್ತೀನಿ" ಎನ್ನುವಳು. ಮಾರಿಕ್ಕನಿ ಬೈಯುವುದನ್ನು ನಿಲ್ಲಿಸಿದಾಗ ನಮಗೆ ಗೊತ್ತಾಯಿತು, ಇನ್ನು ಹೆಚ್ಚು ದಿನವಿಲ್ಲ ಎಂದು. ಒಂದು ಬೆಳಗ್ಗೆ, ಬಿಸಿಲು ಬಾಗಿಲು ದಾಟುವ ಹೊತ್ತಿಗೆ, ಸೊಸೆಯ ಕೈಯಿಂದ ಎರಡು ಗುಟುಕು ನೀರು ಕುಡಿದು ಹೋದಳು.

ಪೇಚ್ಚಿಮುತ್ತು ಅಳಲಿಲ್ಲ. ಚಟ್ಟ ಕಟ್ಟಿಸಿ, ಯಾರನ್ನೂ ಕೇಳದೆ, ಬೆಟ್ಟದ ಬುಡಕ್ಕೆ ಹೊರಡಿಸಿದ. ಶಂಖ, ತಮಟೆ, ಹೂವು, ಹಿಂದೆ ನಾವು. ನಮ್ಮಲ್ಲಿ ಹೆಂಗಸರು ಮಸಣಕ್ಕೆ ಬರುವುದಿಲ್ಲ. ಆದರೆ ಬಂದರು. ಮೈದಾನ ಎಂದ ಮೇಲೆ ಬರಲು ಏನಡ್ಡಿ ಎಂದಳು ಮಾರಿಕ್ಕನಿ. ಬಾಗಿಲಿಗೆ ಬೀಗ. ಕಾವಲುಗಾರ ಪರವೂರಿನವನು, ಹೊಸ ಖಾಕಿ ಹಾಕಿದ್ದ.

"ಆಟಗಾರರಿಗೆ ಮಾತ್ರ. ಓದೋಕೆ ಬರಲ್ವಾ?"

"ಬರಲ್ಲ" ಎಂದೆವು. ಅದೂ ನಿಜವೇ.

"ಈಯಮ್ಮ ಏನು ಆಡ್ತಿದ್ರು?"

ಮಾರಿಕ್ಕನಿ ಮುಂದೆ ಬಂದಳು. "ಮದುವೆ ಆಗಿ ಬಂದ ದಿನದಿಂದ ನನ್ನನ್ನ ಆಡಿಸಿದ್ದಾರೆ. ಒಂದು ದಿನಾನೂ ನನಗೆ ಗೆಲ್ಲೋಕೆ ಬಿಟ್ಟಿಲ್ಲ. ಅದು ಸಾಲದಾ ಅಣ್ಣಾ?" ಎಂದವಳು ಅಲ್ಲೇ ಕುಕ್ಕರಿಸಿ ಅತ್ತಳು. ನಾನು ಕಂಡ ಹಾಗೆ ಆ ಅತ್ತೆಗಾಗಿ ಆ ಸೊಸೆ ಅತ್ತದ್ದು ಅದೇ ಮೊದಲು.

ಕಾವಲುಗಾರ ಕರಗಿದ. ಆದರೆ ಬೀಗದಕೈ ಕಚೇರಿಯಲ್ಲಿತ್ತು. ಯಾರೋ ಸೈಕಲ್ಲಿನಲ್ಲಿ ಓಡಿದರು. ಚಟ್ಟವನ್ನು ಬೇಲಿಯ ನೆರಳಿನಲ್ಲಿ ಇಳಿಸಿದೆವು. ನೆರಳು ಎಂದರೆ ತಂತಿಯ ನೆರಳು. ಬಿಸಿಲು ಏರುತ್ತಿತ್ತು. ಹೂವು ಬಾಡುತ್ತಿತ್ತು. ಸೀನಿವಾಸಗಂ ಕೆರೆ ದಂಡೆಗೇ ಹೋಗೋಣ, ಊರಿನ ಮರ್ಯಾದೆ ನೋಡು, ಉದ್ಘಾಟನೆ ಹತ್ತಿರ ಬಂತು ಎಂದು ಪೇಚ್ಚಿಮುತ್ತುವಿನ ಕಿವಿಯಲ್ಲಿ ಹೇಳುತ್ತಲೇ ಇದ್ದ. ಪೇಚ್ಚಿಮುತ್ತು ತಾಯಿಯ ಮುಖಕ್ಕೆ ಮುತ್ತುವ ನೊಣ ಓಡಿಸುತ್ತ, "ಅಪ್ಪ ಇಲ್ಲಿದಾರೆ" ಎಂಬ ಒಂದೇ ಮಾತು ಹೇಳುತ್ತಿದ್ದ.

ಅಡೈಕ್ಕಲಂ ಸ್ಕೂಟರಿನಲ್ಲಿ ಬಂದರು. ಚಟ್ಟ ನೋಡಿ ಟೋಪಿ ತೆಗೆದರು.

"ಹೊಸ ಗುಡ್ಡೆ ಎದ್ದರೆ ದೊಡ್ಡವರ ಕಣ್ಣಿಗೆ ಬೀಳುತ್ತಪ್ಪಾ. ಹಳೇದನ್ನ ಒಮ್ಮೆ ಸುಳ್ಳು ಹೇಳಿ ದಾಟಿದೆ. ಇನ್ನೊಮ್ಮೆ ಹೇಳಿದರೆ ನನ್ನ ಹೊಟ್ಟೆಪಾಡು ಹೋಗತ್ತೆ."

ಅವರು ಮಂಡಿ ನೀವಿಕೊಂಡು ಬೇಲಿಯ ಒಳಗೆ ನೋಡುತ್ತ ನಿಂತರು. ಆಮೇಲೆ ಕಾವಲುಗಾರನನ್ನು ಕೇಳಿದರು. "ಜಿಗಿತದ ಗುಂಡಿ ತೋಡಿದ್ದಾರಾ?"

"ಇನ್ನೂ ಇಲ್ಲ ಅಯ್ಯಾ."

"ಮಂಜೂರಾಗಿದೆಯಲ್ಲ."

"ಹೌದು."

"ಹಾಗಾದರೆ ಇವತ್ತು ತೋಡಲಿ. ಗುಂಡಿ ತೋಡೋದನ್ನ ಯಾರೂ ತಡೆಯೋ ಹಾಗಿಲ್ಲ. ಮೇಲೆ ಮರಳು ತುಂಬಿದರೆ ಗುಡ್ಡೆ ಏಳಲ್ಲ." ಧ್ವನಿ ತಗ್ಗಿಸಿ, "ಒಳಗೆ ಎಷ್ಟು ಆಳ ಅಂತ ಯಾವ ನಿಯಮದಲ್ಲೂ ಕೇಳಲ್ಲ" ಎಂದರು.

ಬೀಗ ತೆರೆಯಿತು. ಮುಂದೆ ನಡೆದ ಅಳತೆಯಂಥ ಅಳತೆಯನ್ನು ಯಾವ ಮೈದಾನವೂ ಕಂಡಿರಲಾರದು. ಓಡಿ ಬರುವವನ ಕಣ್ಣಿಗೆ ಬಿಸಿಲು ಹೊಡೆಯಬಾರದು, ಗುಂಡಿ ಆ ಕಡೆ ಇರಲಿ ಎಂದರು ಅಡೈಕ್ಕಲಂ. ಮಾರಿಕ್ಕನಿ ಒಪ್ಪಲಿಲ್ಲ.

"ಅದು ಎಡಗಡೆ ಅಯ್ಯಾ. ಮಾವನಿಗೆ ಎಡಗಿವಿ ಕೇಳಲ್ಲ."

ಅಡೈಕ್ಕಲಂ ಒಮ್ಮೆ ಅವಳನ್ನು, ಒಮ್ಮೆ ಗುಡ್ಡೆಯನ್ನು ನೋಡಿದರು. ಟೇಪನ್ನು ಸುತ್ತಿಕೊಂಡು ಕುಂಟುತ್ತ ಬಲಗಡೆಗೆ ನಡೆದರು. "ಓಡೋನು ಕಣ್ಣು ಕಿರಿದು ಮಾಡ್ಕೊಂಡು ಓಡಲಿ" ಎಂದರು.

ಗುಂಡಿ ತೋಡುವ ಮುನಿಯಾಂಡಿ ಕೇಳಿದ. "ಎಷ್ಟು ಆಳ ಅಯ್ಯಾ? ಜಿಗಿಯೋರಿಗಾ, ಮಲಗೋರಿಗಾ?"

"ಮಲಗೋರಿಗೆ ತೋಡು. ಜಿಗಿಯೋರಿಗೆ ನಾನು ಮುಚ್ಚಿಸ್ತೀನಿ."

ಒಂದು ಷರತ್ತಿತ್ತು. ರಸ್ತೆಯಲ್ಲಿ ಹೋಗುವವರಿಗೆ ಇದು ಸಾವು ಎಂದು ತಿಳಿಯಬಾರದು. ಶಂಖ ನಿಂತಿತು, ತಮಟೆ ನಿಂತಿತು. ಸೊರ್ಣತ್ತಾಯಿಯನ್ನು ಇಳಿಸುವಾಗ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ನಿಂತರು. ಅಷ್ಟರಲ್ಲಿ ಶಿವಕಾಶಿಯ ಬಸ್ಸು ತಿರುವಿನಲ್ಲಿ ಕಾಣಿಸಿತು. ಕಿಟಕಿಗಳ ತುಂಬ ತಲೆಗಳು.

"ಕೈ ತಟ್ಟಿ" ಎಂದ ಸೀನಿವಾಸಗಂ. "ಆಟ ಅಂದುಕೊಳ್ತಾರೆ, ತಟ್ಟಿ."

ನಾವು ತಟ್ಟಿದೆವು. ಗಂಡಸರು, ಹೆಂಗಸರು, ಮಣ್ಣಿನ ಕೈಯ ಮುನಿಯಾಂಡಿ, ಖಾಕಿಯ ಕಾವಲುಗಾರ, ಎಲ್ಲರೂ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಕೈ ತಟ್ಟುತ್ತಿತ್ತು. ಬಸ್ಸಿನವರೂ ಉತ್ಸಾಹದಿಂದ ಕಿಟಕಿಯಾಚೆ ಕೈ ಬೀಸಿದರು. ಬಸ್ಸು ಮರೆಯಾದ ಮೇಲೂ ನಿಲ್ಲಿಸುವುದು ಹೇಗೆಂದು ತಿಳಿಯದೆ ಸ್ವಲ್ಪ ಹೊತ್ತು ತಟ್ಟುತ್ತಲೇ ಇದ್ದೆವು. ಜೀವಮಾನವೆಲ್ಲ ತಾಳೆಗರಿಯ ಬುಟ್ಟಿ ಹೆಣೆದ ಆ ಮುದುಕಿಗೆ ಯಾರೂ ಒಮ್ಮೆಯೂ ಕೈ ತಟ್ಟಿರಲಿಲ್ಲ. ಪೇಚ್ಚಿಮುತ್ತು ಮೂರು ಹಿಡಿ ಮಣ್ಣು ಹಾಕಿ ಪಕ್ಕಕ್ಕೆ ಸರಿದ. ಮಣ್ಣಿನ ಮೇಲೆ ವೈಪ್ಪಾರು ಹೊಳೆಯ ಮರಳು ಸುರಿದು, ಅಡೈಕ್ಕಲಂ ತಾವೇ ಹಲಗೆ ಹಿಡಿದು ಸಮ ಮಾಡಿದರು.

ಉದ್ಘಾಟನೆಯ ದಿನ ದೊಡ್ಡ ಅಧಿಕಾರಿ ಕುರ್ಚಿಯಲ್ಲಿ ಕೂತು ಉದ್ದ ಜಿಗಿತ ತೋರಿಸಿ ಎಂದರು. ನಮ್ಮ ಶಾಲೆಯ ಮಕ್ಕಳು ಸಾಲಾಗಿ ನಿಂತರು. ಮೊದಲನೆಯವನು ಬಿರುಸಾಗಿ ಓಡಿ ಬಂದ, ಜಿಗಿಯುವ ಹಲಗೆಯ ಬಳಿ ಗಕ್ಕನೆ ನಿಂತ, ಬಗ್ಗಿ ಮರಳು ಮುಟ್ಟಿ ಕಣ್ಣಿಗೊತ್ತಿಕೊಂಡ, ಪಕ್ಕಕ್ಕೆ ನಡೆದು ಹೋದ. ಎರಡನೆಯವನೂ ಹಾಗೆಯೇ. ಮೂರನೆಯವಳು ಒಂದು ಚೆಂಡುಹೂವನ್ನೂ ಇಟ್ಟು ಹೋದಳು.

"ಇದೇನು? ಯಾಕೆ ಯಾರೂ ಜಿಗೀತಿಲ್ಲ?"

"ನಮ್ಮೂರ ಮಕ್ಕಳು ದೊಡ್ಡವರನ್ನ ದಾಟೋದಿಲ್ಲ ಅಯ್ಯಾ" ಎಂದುಬಿಟ್ಟ ಸೀನಿವಾಸಗಂ.

ಪೇಚ್ಚಿಮುತ್ತು ಮರಳಿನ ಅಂಚಿಗೆ ಹೋಗಿ ನಿಂತ, ಯಾರಾದರೂ ಕಾಲಿಟ್ಟರೆ ತನ್ನ ಮೇಲೆ ಇಡಲಿ ಎಂಬ ಹಾಗೆ. ಆದರೆ ದೊಡ್ಡವರು ಎಂದರೆ ತಾನೇ ಎಂದು ಅಧಿಕಾರಿಗೆ ಅನ್ನಿಸಿತು. ತನ್ನೆದುರು ಕಾಲೆತ್ತಿ ಜಿಗಿಯಲು ಮಕ್ಕಳಿಗೆ ಸಂಕೋಚ. ಅವರ ಕಣ್ಣು ಒದ್ದೆಯಾಯಿತು.

"ಇಂಥ ವಿನಯವನ್ನ ನಾನು ಮದ್ರಾಸಿನಲ್ಲಿ ಕಂಡಿಲ್ಲ" ಎಂದು ಎದ್ದು, ಕೊರಳಿನ ಭಾರದ ಗುಲಾಬಿ ಹಾರ ತೆಗೆದು, ಇಡಲು ಜಾಗ ಹುಡುಕಿದರು. ಅಡೈಕ್ಕಲಂ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹೋಗಿ ಮರಳಿನ ತಲೆಗಡೆ ಇಟ್ಟರು.

ಮಾರಿಕ್ಕನಿ ನನ್ನ ಪಕ್ಕದಲ್ಲಿದ್ದಳು. "ಸೊಕ್ಕು ನೋಡಿ ಮಾಮಾ ಮುದುಕೀದು. ಸರಕಾರದ ಕೈಲೇ ಹಾರ ಹಾಕಿಸ್ಕೊಂಡಳು" ಎಂದಳು.

ಮರುವರ್ಷ ಹೊಸ ಕಟ್ಟು ಪಟಗಳಿಗೆ ಹೇಳಿಕೆ ಬಂತು. ನಕ್ಷೆಗಳನ್ನು ಕಚೇರಿಯವರೇ ಬಿಗಿಯಾಗಿ ಬರೆಸಿ ಕಳಿಸಿದ್ದರು, ಕೈ ಹಚ್ಚಬೇಡಿ ಎಂದು ಮೊದಲಾಳಿಯ ಕಟ್ಟಪ್ಪಣೆ. ಆಟಗಾರರನ್ನು ಮಾತ್ರ ತಿದ್ದಬಹುದಿತ್ತು. ಈ ಸಲ ಉದ್ದ ಜಿಗಿತವೂ ಸೇರಿತ್ತು. ಪೇಚ್ಚಿಮುತ್ತು ಅದನ್ನು ಎಲ್ಲಕ್ಕಿಂತ ಕೊನೆಗೆ ತೆಗೆದುಕೊಂಡ. ಮುಗಿಸಿ ಮೊದಲಾಳಿಯ ಮುಂದೆ ಇಟ್ಟಾಗ ಅಡೈಕ್ಕಲಂ ಕೂಡ ಅಲ್ಲೇ ಕೂತಿದ್ದರು.

ಪಟದಲ್ಲಿ ಜಿಗಿದವನು ಬಹಳ ಮೇಲಿದ್ದ. ಅವನ ಸುತ್ತ ಬರೀ ಆಕಾಶ.

"ಏನೋ ಇದು. ಕೆಳಗೆ ಮರಳೇ ಅಳಿಸಿಬಿಟ್ಟಿದೀಯಲ್ಲ. ಇವನು ಎಲ್ಲಿ ಬೀಳಬೇಕು?" ಎಂದರು ಮೊದಲಾಳಿ.

"ಇವನು ಇಳಿಯೋದಿಲ್ಲ ಮೊದಲಾಳಿ" ಎಂದ ಪೇಚ್ಚಿಮುತ್ತು.

ಮೊದಲಾಳಿ ಬೈಯಲು ಬಾಯಿ ತೆರೆದರು. ಅಡೈಕ್ಕಲಂ ಪಟವನ್ನು ತಮ್ಮ ಕಡೆ ಎಳೆದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಪೆನ್ನು ಕೇಳಿ ಸಹಿ ಹಾಕಿದರು.

"ಸರಿಯಾಗಿದೆ. ಅಚ್ಚು ಹಾಕಿ."